ನಲವತ್ತು ಕಂಬದ ಅರಮನೆಯ ಅತಿಥಿಗಳು

ಎಲ್ಲರಿಗೂ ನಮಸ್ಕಾರ. ಇವತ್ತು ಇರಾನಿನ ಇಸ್ಫಹಾನ್ ಊರಿನ ಒಂದು ಅರಮನೆ ಬಗ್ಗೆ ಮಾತಾಡೋಣ. ಚೆಹೆಲ್ ಸೊತೂನ್ ಅಂತ ಹೆಸರು. ನಲವತ್ತು ಕಂಬ ಅಂತ ಅರ್ಥ, ಆದರೆ ಎಣಿಸಿದರೆ ಸಿಗೋದು ಇಪ್ಪತ್ತೇ. ಉಳಿದ ಇಪ್ಪತ್ತು ಎದುರಿನ ಕೊಳದಲ್ಲಿ ಕಾಣುವ ನೆರಳು ಅಂತ ಅಲ್ಲಿನ ಗೈಡ್‌ಗಳು ಹೇಳದೆ ಬಿಡೋದಿಲ್ಲ. ಬಂದವರೂ ಅಷ್ಟೇ, ಆ ನೀರಿನ ಫೋಟೊ ತೆಗೆಯೋದರಲ್ಲೇ ಅರ್ಧ ಹೊತ್ತು ಕಳೆದು, ಒಳಗೆ ಹೋಗುವ ಹೊತ್ತಿಗೆ ಸುಸ್ತಾಗಿರುತ್ತಾರೆ. ನನ್ನ ಕೇಳಿದರೆ, ಅಸಲು ಸರಕು ಇರೋದು ಒಳಗೆ.

ಇದು ರಾಜ ಮಲಗಿ ಏಳುತ್ತಿದ್ದ ಅರಮನೆ ಅಲ್ಲ. ಇರಾನಿನ ದೊರೆ ಎರಡನೇ ಷಾ ಅಬ್ಬಾಸ್ 1647ರಲ್ಲಿ ಕಟ್ಟಿ ಮುಗಿಸಿದ್ದು ಅತಿಥಿಗಳನ್ನು ಬರಮಾಡಿಕೊಳ್ಳೋಕೆ, ಔತಣ ಕೊಡೋಕೆ. ತೋಟವೂ ಆ ಲೆಕ್ಕದಲ್ಲೇ ಇದೆ. ನೂರು ಮೀಟರಿಗಿಂತ ಉದ್ದದ ಕೊಳ, ಸುತ್ತ ಮರಗಳು. ಕೊಳದುದ್ದಕ್ಕೂ ನಡೆದು ಬರುವ ರಾಯಭಾರಿಗೆ ಎದುರಿನ ತೆರೆದ ಮೊಗಸಾಲೆ ಹೆಜ್ಜೆ ಹೆಜ್ಜೆಗೂ ದೊಡ್ಡದಾಗುತ್ತಾ ಹೋಗುತ್ತದೆ. ಕಂಬಗಳು ಮರದವು, ಸಪೂರ, ತುಂಬಾ ಎತ್ತರ. ಒಂದು ಕಾಲಕ್ಕೆ ಅವುಗಳ ಮೈಗೆಲ್ಲ ಕನ್ನಡಿ ಚೂರು ಅಂಟಿಸಿದ್ದರಂತೆ. ಈಗ ಬರೀ ಮರ. ನಡುವಿನ ನಾಲ್ಕು ಕಂಬಗಳ ಬುಡದಲ್ಲಿ ಕಲ್ಲಿನ ಸಿಂಹಗಳಿವೆ, ಬಗ್ಗಿ ನೋಡಿ. ಒಣ ಸೀಮೆಯಲ್ಲಿ ಇಷ್ಟು ನೀರನ್ನು ಸುಮ್ನೆ ಚೆಂದಕ್ಕೆ ಅಂತ ನಿಲ್ಲಿಸೋದೇ ಒಂದು ದೌಲತ್ತು, ಅಲ್ವಾ? ಊರಿನ ನಡುವೆ ಹರಿಯುವ ಜಾಯಂದೆ ಹೊಳೆ ಈಗ ಎಷ್ಟೋ ತಿಂಗಳು ಒಣಗಿರುತ್ತದೆ. ಅದನ್ನು ನೋಡಿ ಬಂದವರಿಗೆ ಈ ಕೊಳದ ಬೆಲೆ ಜಾಸ್ತಿ ಗೊತ್ತಾಗುತ್ತದೆ.

ಒಳಗಿನ ದೊಡ್ಡ ಹಜಾರಕ್ಕೆ ಬನ್ನಿ. ಗೋಡೆಯ ಮೇಲ್ಭಾಗದಲ್ಲಿ ಆರು ಭಾರೀ ಚಿತ್ರಗಳು. ಮೂರು ಔತಣ, ಮೂರು ಯುದ್ಧ. ನಮ್ಮ ಹಳೇ ಮನೆಗಳಲ್ಲಿ ಯಜಮಾನರು ದೊಡ್ಡ ಮನುಷ್ಯರ ಜೊತೆ ತೆಗೆಸಿಕೊಂಡ ಫೋಟೊಗಳನ್ನು ಬಂದವರಿಗೆ ಕಾಣುವ ಹಾಗೆ ಹಾಕಿರುತ್ತಾರಲ್ಲ, ಆ ಔತಣದ ಚಿತ್ರಗಳು ಹಾಗೆಯೇ. ಒಂದರಲ್ಲಿ ನಮಗೆ ಗೊತ್ತಿರುವ ಮುಖ ಇದೆ: ಹುಮಾಯೂನ್. 1540ರಲ್ಲಿ ಶೇರ್ ಷಾ ಕೈಯಲ್ಲಿ ಸೋತು, ದಿಕ್ಕಾಪಾಲಾಗಿ ಅಲೆದು, ಕೂಸು ಅಕ್ಬರನನ್ನೂ ಹಿಂದೆ ಬಿಟ್ಟು, 1544ರಲ್ಲಿ ಆಗಿನ ಇರಾನ್ ದೊರೆ ಷಾ ತಹಮಾಸ್ಪನ ಬಳಿ ಸಹಾಯ ಕೇಳಲು ಬಂದವನು. ಚಿತ್ರದಲ್ಲಿ ಆ ಸಂಕಟ ಒಂದಿಷ್ಟೂ ಇಲ್ಲ. ಇಬ್ಬರು ರಾಜರು ಅಕ್ಕಪಕ್ಕ ಕೂತಿದ್ದಾರೆ. ಮುಂದೆ ವಾದ್ಯದವರು, ಕುಣಿಯುವ ಹೆಣ್ಣುಮಕ್ಕಳು.

ಉಳಿದ ಎರಡು ಔತಣಗಳಲ್ಲಿ ಇರುವ ಅತಿಥಿಗಳು ಯಾರು ಅಂದುಕೊಂಡಿರಿ? ಇಬ್ಬರೂ ಮಧ್ಯ ಏಷ್ಯಾದ ಬುಖಾರಾವನ್ನು ಆಳಿದ ಖಾನರು. ಇಬ್ಬರೂ ಗದ್ದುಗೆ ಕಳಕೊಂಡು ಬಂದವರೇ. ಒಬ್ಬ ವಲೀ ಮಹಮ್ಮದ್, 1611ರಲ್ಲಿ ಬಂದವನು. ಇನ್ನೊಬ್ಬ ನದರ್ ಮಹಮ್ಮದ್. ಅವನ ಬಲ್ಖ್ ನಗರವನ್ನು 1646ರಲ್ಲಿ ಹಿಡಿದದ್ದು ಷಾಜಹಾನನ ಸೈನ್ಯ! ಅಂದರೆ ಆಶ್ರಯ ಬೇಡಿದ ಹುಮಾಯೂನನ ಮರಿಮಗ ಇನ್ನೊಬ್ಬನನ್ನು ಅದೇ ಬಾಗಿಲಿಗೆ ಅಟ್ಟಿದ. ಈ ಹಜಾರದಲ್ಲಿ ಊಟಕ್ಕೆ ಕೂತ ಪರದೇಶದ ರಾಯಭಾರಿ ತಲೆ ಎತ್ತಿದರೆ ಕಾಣುತ್ತಿದ್ದದ್ದು ಇದೇ: ರಾಜ್ಯ ಹೋದವರು ಎಲ್ಲಿಗೆ ಬರುತ್ತಾರೆ ಅಂತ. ನಯವಾಗಿ ಕೊಟ್ಟ ಎಚ್ಚರಿಕೆ ಅದು, ಅಂತ ನನಗನ್ನಿಸುತ್ತದೆ.

ಯುದ್ಧದ ಚಿತ್ರಗಳಲ್ಲಿ ಒಂದು 1514ರ ಚಾಲ್ದಿರಾನ್. ಒಟ್ಟೋಮನ್ ತುರ್ಕರ ಫಿರಂಗಿಗಳಿಗೆ ಇರಾನಿನ ಷಾ ಇಸ್ಮಾಯಿಲ್ ಸೋತ ಯುದ್ಧ. ಸೋಲನ್ನು ಯಾರಾದರೂ ಗೋಡೆಗೆ ಬರೆಸುತ್ತಾರಾ? ಇಲ್ಲಿ ಬರೆಸಿದ್ದಾರೆ, ಆದರೆ ಚಿತ್ರ ನೋಡಿದವರಿಗೆ ಸೋತದ್ದು ಯಾರು ಅಂತ ಗೊತ್ತಾದರೆ ಕೇಳಿ. ಇನ್ನೊಂದು ಆಮೇಲೆ ಸೇರಿಸಿದ್ದು, 1739ರ ಕರ್ನಾಲ್ ಯುದ್ಧ. ದೆಹಲಿಯನ್ನು ದೋಚಿ ಮಯೂರ ಸಿಂಹಾಸನ ಹೊತ್ತೊಯ್ದ ನಾದಿರ್ ಷಾ ಇಲ್ಲಿ ವೀರ. ಅದಕ್ಕೆ ಮೊದಲು, 1722ರಲ್ಲಿ, ಇದೇ ಇಸ್ಫಹಾನಿಗೆ ಆಫ್ಘನ್ನರು ಮುತ್ತಿಗೆ ಹಾಕಿ, ಊರು ಹಸಿವಿನಿಂದ ಸಾಯುವಾಗ, ಷಾ ಸುಲ್ತಾನ್ ಹುಸೇನ್ ತಾನೇ ಹೋಗಿ ಕಿರೀಟ ಒಪ್ಪಿಸಿದ್ದ. ಅದರ ಚಿತ್ರ ಮಾತ್ರ ಈ ಸಾಲಿನಲ್ಲಿಲ್ಲ.

ಹೋಗುವವರಿಗೆ ಒಂದೆರಡು ಮಾತು. ನಮ್ಮ ಬ್ಯಾಂಕ್ ಕಾರ್ಡುಗಳು ಅಲ್ಲಿ ನಡೆಯೋದಿಲ್ಲ, ನಗದು ಬೇಕು. ಹೆಂಗಸರು ತಲೆಗೆ ಸ್ಕಾರ್ಫ್ ಇಟ್ಟುಕೊಳ್ಳಿ. ನೀರಲ್ಲಿ ಕಂಬ ನೋಡಬೇಕಿದ್ದರೆ ಗಾಳಿ ಏಳುವ ಮೊದಲೇ ಹೋಗಬೇಕು.

ಅಷ್ಟು ದೂರ ಆಗಲ್ಲ ಅನ್ನುವವರು ವಿಜಯಪುರದ ಅಸರ್ ಮಹಲ್ ನೋಡಿ. ಮಹಮ್ಮದ್ ಆದಿಲ್ ಷಾ ಕಟ್ಟಿಸಿದ್ದು, ಸುಮಾರು 1646ರಲ್ಲಿ. ಹೆಚ್ಚೂಕಮ್ಮಿ ಅದೇ ಕಾಲ. ಅಲ್ಲೂ ಮುಂದೆ ಕೊಳ, ತೆರೆದ ಮೊಗಸಾಲೆ, ಮರದ ಎತ್ತರದ ಕಂಬಗಳು, ಮಹಡಿಯ ಗೋಡೆಗಳಲ್ಲಿ ಚಿತ್ರ. ಆದಿಲ್ ಷಾಹಿಗಳಿಗೂ ಇರಾನಿನ ಷಾಗಳಿಗೂ ರಾಯಭಾರಿಗಳ ಓಡಾಟ ಇತ್ತು, ಆ ಕಡೆಯ ಜನ ಇಲ್ಲಿ ಬಂದು ನೆಲೆಸಿದ್ದರು. ಗೋಲಗುಂಬಜ್ ನೋಡಿ ಬಸ್ ಹತ್ತುವ ಬದಲು, ಅಸರ್ ಮಹಲಿಗೂ ಅರ್ಧ ದಿನ ಇಟ್ಟುಕೊಳ್ಳಿ.