ತಳ್ಳಬೇಡಿ, ಅದೇ ಕೊಯ್ಯಲಿ: ಸಣ್ಣ ಬ್ಯಾಂಡ್ ಸಾ ಹೊಂದಿಸುವ ಬಗೆ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಸರಿ.

ನನ್ನ ಪಕ್ಕದಲ್ಲಿ ನಿಂತಿದೆಯಲ್ಲ, ಈ ಬ್ಯಾಂಡ್ ಸಾ, ಅಂದರೆ ಗರಗಸದ ಪಟ್ಟಿ ಎರಡು ಗಾಲಿಗಳ ಮೇಲೆ ಸುತ್ತುತ್ತಾ ಮರ ಕೊಯ್ಯುವ ಯಂತ್ರ, ಇದನ್ನು ನಾನು ಇವತ್ತು ಆನ್ ಮಾಡುವುದೇ ಇಲ್ಲ. ಪ್ಲಗ್ಗನ್ನು ನಿಮ್ಮೆಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟಿದ್ದೇನೆ. ಬ್ಯಾಂಡ್ ಸಾ ಬಗ್ಗೆ ಕಲಿಯಬೇಕಾದದ್ದರಲ್ಲಿ ಮುಕ್ಕಾಲು ಪಾಲು ಅದು ನಿಂತಿರುವಾಗ ಕಲಿಯುವುದು.

ನನ್ನ ಎಡಗೈ ಹೆಬ್ಬೆರಳಲ್ಲಿ ಒಂದು ಗುರುತಿದೆ. ಯಂತ್ರ ತಂದ ಹೊಸತರಲ್ಲಿ ಆದದ್ದು. ಬ್ಲೇಡು ಮೊಂಡಾಗಿತ್ತು, ನನಗೆ ಅದು ಗೊತ್ತೂ ಇತ್ತು, ಇನ್ನೊಂದೇ ಒಂದು ತುಂಡು ತಾನೆ ಅಂತ ಜೋರಾಗಿ ತಳ್ಳುತ್ತಾ ಹೋದೆ. ಮರದ ಕೊನೆಯ ಒಂದು ಇಂಚು ಕೊಯ್ಯಲಿಲ್ಲ, ಎಳೆಯ ಉದ್ದಕ್ಕೆ ಸೀಳಿಕೊಂಡುಬಿಟ್ಟಿತು. ಅಷ್ಟು ಹೊತ್ತು ಕೈಗೆ ಎದುರಾಗಿದ್ದ ಮರ ತಟ್ಟನೆ ಇಲ್ಲವಾಯಿತು, ಆದರೆ ಕೈ ಮಾತ್ರ ತಳ್ಳುತ್ತಲೇ ಇತ್ತು. ಉಗುರಿನ ಪಕ್ಕ ಸ್ವಲ್ಪ ತಗುಲಿದ್ದಷ್ಟೇ, ಪುಣ್ಯಕ್ಕೆ ಬೆರಳು ಉಳಿಯಿತು. ಆವತ್ತಿನಿಂದ ನನ್ನ ಲೆಕ್ಕ ಬಹಳ ಸರಳ. ಕೈ ಜಾಸ್ತಿ ಬಲ ಹಾಕುತ್ತಿದೆ ಅಂದರೆ ಯಂತ್ರದಲ್ಲಿ ಏನೋ ಸರಿಯಿಲ್ಲ. ನಿಲ್ಲಿಸು, ಹುಡುಕು. ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತಲೇ.

ಇದನ್ನು ಸಾಧು ಯಂತ್ರ ಅನ್ನುತ್ತಾರೆ. ಅದರಲ್ಲಿ ಅರ್ಧ ನಿಜ ಇದೆ. ಟೇಬಲ್ಲಿನ ನಡುವಿನಿಂದ ದುಂಡು ಬ್ಲೇಡು ಮೇಲೆದ್ದಿರುವ ಟೇಬಲ್ ಸಾ ಥರ ಇದು ಮರವನ್ನು ಎತ್ತಿ ನಿಮ್ಮ ಹೊಟ್ಟೆಗೆ ಎಸೆಯುವುದಿಲ್ಲ, ಯಾಕೆಂದರೆ ಬ್ಲೇಡು ಮೇಲಿನಿಂದ ಕೆಳಕ್ಕೆ ಓಡುತ್ತದೆ, ಮರವನ್ನು ಟೇಬಲ್ಲಿಗೆ ಒತ್ತಿ ಹಿಡಿಯುತ್ತದೆ. ಸದ್ದೂ ಕಮ್ಮಿ. ಆದರೆ ಮರ ಕೊಯ್ಯುವ ಯಂತ್ರದಲ್ಲಿ ಬ್ಲೇಡಿನ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 900 ಮೀಟರ್ ಆಸುಪಾಸು, ಅಂದರೆ ಸೆಕೆಂಡಿಗೆ 15 ಮೀಟರ್. ಇಂಚಿಗೆ 6 ಹಲ್ಲಿನ ಬ್ಲೇಡಾದರೆ ಒಂದು ಸೆಕೆಂಡಿನಲ್ಲಿ 3,500ಕ್ಕೂ ಜಾಸ್ತಿ ಹಲ್ಲು ಒಂದೇ ಜಾಗವನ್ನು ದಾಟಿ ಹೋಗುತ್ತವೆ. ಬೆರಳು ಹಿಂದಕ್ಕೆ ಎಳೆದುಕೊಳ್ಳುತ್ತೇನೆ ಅನ್ನುವವರು ಇದನ್ನು ಒಂದು ಸಲ ಲೆಕ್ಕ ಹಾಕಿ ನೋಡಿ.

ಈಗ ಬಾಗಿಲು ತೆಗೆಯುತ್ತೇನೆ. ನೋಡಿ, ಮೇಲೊಂದು ಗಾಲಿ, ಕೆಳಗೊಂದು ಗಾಲಿ. ಕೆಳಗಿನದಕ್ಕೆ ಮೋಟರು, ಮೇಲಿನದು ಸುಮ್ನೆ ಬ್ಲೇಡಿನ ಜೊತೆ ತಿರುಗುತ್ತದೆ. ಗಾಲಿಯ ವ್ಯಾಸದ ಮೇಲೆ ಯಂತ್ರದ ಸೈಜು ಹೇಳುತ್ತಾರೆ, ಇದು 14 ಇಂಚಿನದು. ಇನ್ನೂ ಚಿಕ್ಕದು 9, 10 ಇಂಚಿನವೂ ಇವೆ, ಹೊಂದಿಸುವ ರೀತಿ ಒಂದೇ. ಗಾಲಿಗೆ ರಬ್ಬರ್ ಟೈರು, ಮಧ್ಯದಲ್ಲಿ ಸ್ವಲ್ಪ ಉಬ್ಬು. ಬ್ಲೇಡು ಜಾರಿ ಬೀಳದೆ ನಿಲ್ಲುವುದು ಆ ಉಬ್ಬಿನ ಕೃಪೆಯಿಂದ.

ಬ್ಲೇಡಿನ ಬಗ್ಗೆ ಒಂದು ಸಣ್ಣ ಕಥೆ. ಕೊನೆಯಿಲ್ಲದ ಗರಗಸದ ಯೋಚನೆ ಹಳೆಯದು, ಬ್ರಿಟನ್ನಿನಲ್ಲಿ ವಿಲಿಯಂ ನ್ಯೂಬೆರಿ ಎಂಬಾತ 1809ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಯಂತ್ರ ಬಳಕೆಗೆ ಬರಲಿಲ್ಲ, ಯಾಕೆಂದರೆ ಪಟ್ಟಿಯ ಎರಡು ತುದಿ ಸೇರಿಸಿದ ಜಾಗ ಬಾಗಿ ಬಾಗಿ ತುಂಡಾಗುತ್ತಿತ್ತು. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪೆನ್ ಎಂಬ ಹೆಂಗಸು ಆ ಬೆಸುಗೆಗೆ ಒಂದು ದಾರಿ ಕಂಡುಹಿಡಿದಳು, ಆಮೇಲೆ ಯಂತ್ರ ಓಡಿತು. ನನಗೆ ಈ ಕಥೆ ಯಾಕೆ ಇಷ್ಟ ಅಂದರೆ ಇವತ್ತಿಗೂ ಹೊಸ ಬ್ಲೇಡು ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅದೇ ಬೆಸುಗೆಯನ್ನು. ಬೆನ್ನಿನ ಕಡೆ ಬೆರಳಾಡಿಸಿ, ಗಂಟು ಸಿಕ್ಕಿದರೆ ಅದು ಗೈಡಿಗೆ, ಅಂದರೆ ಬ್ಲೇಡು ಅಲ್ಲಾಡದ ಹಾಗೆ ಎರಡು ಪಕ್ಕದಿಂದ ತಡೆಯುವ ತುಂಡುಗಳಿಗೆ, ಬಡಿದು ಪ್ರತಿ ಸುತ್ತಿಗೂ ಟಿಕ್ ಟಿಕ್ ಅನ್ನುತ್ತದೆ, ಕೊಯ್ತವೂ ಅಲೆಅಲೆಯಾಗಿ ಬರುತ್ತದೆ.

ಯಾವ ಬ್ಲೇಡು ಹಾಕಬೇಕು? ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಜನ ಯಂತ್ರದ ಜೊತೆ ಬಂದ ಬ್ಲೇಡಿನಲ್ಲೇ ಎಲ್ಲ ಕೆಲಸ ಮಾಡಿ, ಆಮೇಲೆ ಯಂತ್ರವನ್ನು ಬೈಯುತ್ತಾರೆ. ಬ್ಲೇಡು ಅಗಲವಾದಷ್ಟೂ ನೇರ ಹೋಗುತ್ತದೆ, ಕಿರಿದಾದಷ್ಟೂ ತಿರುಗುತ್ತದೆ. 6 ಮಿಲಿಮೀಟರ್ ಅಗಲದ್ದು ಸುಮಾರು 16 ಮಿಲಿಮೀಟರ್ ತ್ರಿಜ್ಯದ ತಿರುವು ತೆಗೆದುಕೊಳ್ಳುತ್ತದೆ. ಅರ್ಧ ಇಂಚಿನದಕ್ಕೆ ಎರಡೂವರೆ ಇಂಚು ಬೇಕು. ಅದಕ್ಕಿಂತ ಬಿಗಿಯಾಗಿ ತಿರುಗಿಸಿದರೆ ಬ್ಲೇಡು ತಿರುಚಿಕೊಳ್ಳುತ್ತದೆ, ನೀವು ಮತ್ತೆ ಬಲ ಹಾಕುತ್ತೀರಿ.

ಇನ್ನು ಹಲ್ಲು. ಮರದ ದಪ್ಪದೊಳಗೆ ಯಾವಾಗಲೂ ಕಮ್ಮಿ ಅಂದರೂ ಮೂರು ಹಲ್ಲು ಇರಬೇಕು. ತೆಳು ಪ್ಲೈವುಡ್ಡಿಗೆ ಇಂಚಿಗೆ 3 ಹಲ್ಲಿನ ಬ್ಲೇಡು ಹಾಕಿದರೆ ಒಂದೊಂದು ಹಲ್ಲೂ ಕೊಕ್ಕೆ ಥರ ಹಾಳೆಯನ್ನು ಹಿಡಿದು ಜಗ್ಗುತ್ತದೆ. ಉಲ್ಟಾ ತಪ್ಪು ಇನ್ನೂ ಜಾಸ್ತಿ ಜನ ಮಾಡುತ್ತಾರೆ. ಆರು ಇಂಚು ಎತ್ತರದ ಮರವನ್ನು ಹಲಗೆಯಾಗಿ ಸೀಳಬೇಕು, ನುಣುಪು ಬರಲಿ ಅಂತ ಇಂಚಿಗೆ 14 ಹಲ್ಲಿನದು ಹಾಕುತ್ತಾರೆ. ಹಲ್ಲುಗಳ ನಡುವಿನ ಸಂದಿ ಅರ್ಧ ದಾರಿಯಲ್ಲೇ ಹೊಟ್ಟಿನಿಂದ ತುಂಬಿಹೋಗುತ್ತದೆ, ಹೊಟ್ಟು ಹೊರಗೆ ಬರಲು ಜಾಗವಿಲ್ಲ, ಬ್ಲೇಡು ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಬ್ಲೇಡು ಮರದ ಒಳಗೆ ಬಿಲ್ಲಿನ ಹಾಗೆ ಬಾಗಿಕೊಂಡು ಹೋಗುತ್ತದೆ. ಆ ಕೆಲಸಕ್ಕೆ 3 ಹಲ್ಲಿನದೇ ಸರಿ. ಒರಟು ಬಂದರೆ ಬರಲಿ, ಆಮೇಲೆ ಉಜ್ಜುವುದು ಇದ್ದೇ ಇದೆ ಅಲ್ವಾ.

ಬ್ಲೇಡು ಹಾಕುವಾಗ ಹಲ್ಲಿನ ತುದಿ ಟೇಬಲ್ಲಿನ ಕಡೆಗೆ, ಕೆಳಮುಖವಾಗಿ ಇರಬೇಕು. ನಗಬೇಡಿ, ನಾನೇ ಒಂದು ಸಲ ಉಲ್ಟಾ ಹಾಕಿ, ಮರ ಟೇಬಲ್ ಬಿಟ್ಟು ಎದ್ದೆದ್ದು ಕುಣಿಯುವುದನ್ನು ನೋಡಿ ಮೋಟರು ಹಿಂದು ಮುಂದು ತಿರುಗುತ್ತಿದೆ ಅಂದುಕೊಂಡಿದ್ದೆ. ಯಾವ ಕಡೆಯಿಂದ ಹಾಕಿದರೂ ಹಲ್ಲು ಮೇಲಕ್ಕೇ ನೋಡುತ್ತಿದ್ದರೆ, ಬ್ಲೇಡು ಒಳಮೈ ಹೊರಮೈ ಅದಲುಬದಲಾಗಿದೆ. ಅಂಗಿಯ ತೋಳನ್ನು ಮಗುಚುವ ಹಾಗೆ ಮಗುಚಿ.

ಈಗ ಹೊಂದಿಸುವುದು. ಬ್ಲೇಡು ಹಾಕುವ ಮೊದಲು ಮೇಲಿನ ಗೈಡು, ಟೇಬಲ್ಲಿನ ಕೆಳಗಿನ ಗೈಡು, ಬ್ಲೇಡಿನ ಬೆನ್ನಿಗೆ ಆಸರೆ ಕೊಡುವ ಹಿಂದಿನ ಬೇರಿಂಗು, ಎಲ್ಲವನ್ನೂ ದೂರ ಸರಿಸಿಬಿಡಿ. ಬ್ಲೇಡು ಮೊದಲು ಗಾಲಿಗಳ ಮೇಲೆ ತಾನಾಗಿ ತನ್ನ ಜಾಗ ಹುಡುಕಿಕೊಳ್ಳಲಿ, ಗೈಡು ಆಮೇಲೆ ಅದರ ಹತ್ತಿರ ಹೋಗಲಿ. ಗೈಡಿನಿಂದ ಬ್ಲೇಡನ್ನು ದಾರಿಗೆ ತರಲು ಹೋದರೆ ಎರಡೂ ಹಾಳು.

ಬ್ಲೇಡು ಕೂರಿಸಿ, ಅದು ಜೋಲದಷ್ಟು ಬಿಗಿ ಕೊಡಿ. ಈಗ ಮೇಲಿನ ಗಾಲಿಯನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ, ಬೆರಳನ್ನು ಬ್ಲೇಡಿನಿಂದ ದೂರ ಇಟ್ಟು, ಕೊಯ್ಯುವಾಗ ತಿರುಗುವ ದಿಕ್ಕಿಗೇ. ಹೀಗೆ. ಮುಂದೆ ಕೂತವರಿಗೆ ಕಾಣುತ್ತಿರಬೇಕು, ಬ್ಲೇಡು ಟೈರಿನ ಮೇಲೆ ನಿಧಾನವಾಗಿ ಅಂಚಿನ ಕಡೆ ನಡೆಯುತ್ತಿದೆ. ಹಿಂದಿರುವ ಈ ಟ್ರ್ಯಾಕಿಂಗ್ ತಿರುಪನ್ನು ಕಾಲು ಸುತ್ತು ತಿರುಗಿಸುತ್ತೇನೆ, ಮತ್ತೆ ಗಾಲಿ. ನೋಡಿ, ನಿಂತಿತು. ಇನ್ನೊಂದು ಚೂರು. ಈಗ ವಾಪಸ್ ಮಧ್ಯಕ್ಕೆ ಬರುತ್ತಿದೆ. ಈ ತಿರುಪು ಮೇಲಿನ ಗಾಲಿಯನ್ನು ಒಂದಿಷ್ಟು ವಾಲಿಸುತ್ತದೆ, ಅಷ್ಟೇ. ಅವಸರ ಮಾಡಿದರೆ ಬ್ಲೇಡು ಇನ್ನೊಂದು ಕಡೆ ಬೀಳುತ್ತದೆ. ಆಮೇಲೆ ಪೂರ್ತಿ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಬ್ಲೇಡು ಮತ್ತೆ ಸ್ವಲ್ಪ ಸರಿಯುತ್ತದೆ, ಅದಕ್ಕೆ ಇನ್ನೊಮ್ಮೆ ನೋಡಿ.

ಎಷ್ಟು ಬಿಗಿ? ಯಂತ್ರದ ಮೇಲಿನ ಸ್ಕೇಲನ್ನು ಪೂರ್ತಿ ನಂಬಬೇಡಿ, ಸ್ಪ್ರಿಂಗು ಹಳತಾದ ಹಾಗೆ ಅದೂ ಸುಳ್ಳು ಹೇಳುತ್ತದೆ. ಮೇಲಿನ ಗೈಡನ್ನು ಟೇಬಲ್ಲಿನಿಂದ 6 ಇಂಚು ಎತ್ತಿ, ಬ್ಲೇಡಿನ ಚಪ್ಪಟೆ ಮೈಯನ್ನು ಬೆರಳಿನಿಂದ ಹದವಾಗಿ ಒತ್ತಿ. ಕಾಲು ಇಂಚು ಸರಿದರೆ ಸಾಮಾನ್ಯ ಕೆಲಸಕ್ಕೆ ಸಾಕು. ಎತ್ತರದ ಮರ ಸೀಳುವುದಾದರೆ ಇನ್ನೂ ಕಮ್ಮಿ ಸರಿಯಬೇಕು. ಬ್ಲೇಡನ್ನು ಮೀಟಿ ಸ್ವರ ಕೇಳುವವರೂ ಇದ್ದಾರೆ, ನನ್ನ ಕಿವಿಗೆ ಅದು ಯಾವತ್ತೂ ಒಲಿದಿಲ್ಲ.

ಇನ್ನು ಗೈಡು. ಒಂದು ಚೂರು ಕಾಗದ ತೆಗೆದುಕೊಳ್ಳಿ. ಬ್ಲೇಡಿನ ಎರಡೂ ಪಕ್ಕ ಕಾಗದ ಇಟ್ಟು ಗೈಡುಗಳನ್ನು ಅದಕ್ಕೆ ಮುಟ್ಟಿಸಿ ಬಿಗಿ ಮಾಡಿ, ಕಾಗದ ಎಳೆದುಬಿಡಿ. ಅಷ್ಟೇ ಸಂದು ಬೇಕಾದದ್ದು. ಹಿಂದಿನ ಬೇರಿಂಗು ಬ್ಲೇಡಿನ ಬೆನ್ನಿಗೆ ತಾಗಬಾರದು, ಅರ್ಧ ಮಿಲಿಮೀಟರಿನಷ್ಟು ಹಿಂದೆ ಇರಲಿ. ಮರ ಒತ್ತಿದಾಗ ಮಾತ್ರ ಬ್ಲೇಡು ಅದಕ್ಕೆ ಆನಿಕೊಳ್ಳಬೇಕು. ಹಾಗೆ ಆನಿಕೊಂಡಾಗಲೂ ಪಕ್ಕದ ಗೈಡಿನ ಮುಂದಿನ ಅಂಚು ಹಲ್ಲಿನ ಸಂದಿಗಿಂತ ಹಿಂದೆಯೇ ಉಳಿಯಬೇಕು, ಇಲ್ಲದಿದ್ದರೆ ಎಡಕ್ಕೊಂದು ಬಲಕ್ಕೊಂದು ಬಾಗಿರುವ ಹಲ್ಲಿನ ಓರೆ ಒಂದೇ ನಿಮಿಷದಲ್ಲಿ ಸವೆದು ಹೊಸ ಬ್ಲೇಡು ಕಸ. ಟೇಬಲ್ಲಿನ ಕೆಳಗೂ ಇದೇ ಮೂರು ಇವೆ. ಬಗ್ಗಿ ನೋಡಬೇಕಲ್ಲ, ಅದಕ್ಕೆ ಮರೆತೇಬಿಡುತ್ತಾರೆ. ನನ್ನ ಹತ್ತಿರ ಬ್ಯಾಂಡ್ ಸಾ ಸೊಟ್ಟ ಕೊಯ್ಯುತ್ತದೆ ಅಂತ ಬಂದವರಿಗೆ ನಾನು ಮೊದಲು ಕೇಳುವುದೇ ಕೆಳಗಿನ ಗೈಡು ನೋಡಿದಿರಾ ಅಂತ.

ಟೇಬಲ್ಲು ಬ್ಲೇಡಿಗೆ ನೆಟ್ಟಗಿದೆಯಾ ಅಂತ ಮೂಲೆಮಟ್ಟ ಇಟ್ಟು ನೋಡಬಹುದು. ನನಗೆ ಇಷ್ಟವಾದ ಉಪಾಯ ಬೇರೆ. ಅಂಚುಗಳು ಸಮ ಇರುವ ಎತ್ತರದ ಮರದ ತುಂಡಿನಲ್ಲಿ ಸ್ವಲ್ಪವೇ ಒಂದು ಗೀರು ಕೊಯ್ಯಿರಿ. ಯಂತ್ರ ಆಫ್ ಮಾಡಿ, ಗಾಲಿ ಪೂರ್ತಿ ನಿಂತ ಮೇಲೆ ತುಂಡನ್ನು ತಲೆಕೆಳಗು ಮಾಡಿ ಬ್ಲೇಡಿನ ಹಿಂದಕ್ಕೆ ಒಯ್ದು, ಆ ಗೀರನ್ನು ಬ್ಲೇಡಿನ ಬೆನ್ನಿಗೆ ತೂರಿಸಿ. ಸಲೀಸಾಗಿ ಕೂತರೆ ಟೇಬಲ್ಲು ನೆಟ್ಟಗಿದೆ. ಕೂರದಿದ್ದರೆ ಎಷ್ಟು ತಪ್ಪಿದೆಯೋ ಅದರ ಎರಡರಷ್ಟು ಕಣ್ಣಿಗೆ ಕಾಣುತ್ತದೆ.

ಫೆನ್ಸಿಗೆ, ಅಂದರೆ ಮರ ನೇರ ಹೋಗಲಿ ಅಂತ ಟೇಬಲ್ಲಿನ ಮೇಲೆ ಕೂರಿಸುವ ಪಟ್ಟಿಗೆ, ಒತ್ತಿ ಕೊಯ್ದರೂ ಬ್ಲೇಡು ಒಂದು ಪಕ್ಕಕ್ಕೆ ಎಳೆಯುತ್ತದೆ ಅನ್ನುವ ದೂರು ಬಹಳ. ಬ್ಲೇಡು ಚೂಪಾಗಿದ್ದು, ಬಿಗಿ ಸರಿಯಿದ್ದು, ಟೈರಿನ ಮಧ್ಯ ಕೂತಿದ್ದರೆ ಇದು ಎಷ್ಟೋ ಸಲ ಮಾಯವಾಗುತ್ತದೆ. ಆದರೂ ಉಳಿದರೆ ಒಂದು ಹಲಗೆಯ ಮೇಲೆ ಅಂಚಿಗೆ ಸಮನಾಗಿ ಗೆರೆ ಎಳೆದು, ಫೆನ್ಸಿಲ್ಲದೆ ಆ ಗೆರೆಯ ಮೇಲೆ ಅರ್ಧ ಕೊಯ್ದು ನಿಲ್ಲಿಸಿ. ಹಲಗೆ ಆಗ ಯಾವ ಓರೆಯಲ್ಲಿ ನಿಂತಿದೆಯೋ ಫೆನ್ಸನ್ನೂ ಅದೇ ಓರೆಗೆ ತಿರುಗಿಸಿ.

ಇಷ್ಟಾದ ಮೇಲೆ ಬಾಗಿಲು ಮುಚ್ಚಿ, ಪ್ಲಗ್ಗು ಹಾಕಿ, ಬ್ಲೇಡಿನ ನೇರಕ್ಕೆ ನಿಲ್ಲದೆ ಒಂದು ಕ್ಷಣ ಆನ್ ಮಾಡಿ ಆಫ್ ಮಾಡಿ. ಕೇಳಿ. ಎಲ್ಲ ಸರಿ ಅನ್ನಿಸಿದರೆ ಮಾತ್ರ ಮತ್ತೆ ಆನ್.

ಕೊಯ್ಯುವಾಗ ಮೇಲಿನ ಗೈಡು ಮರದಿಂದ ಕಾಲು ಇಂಚು ಮಾತ್ರ ಮೇಲಿರಲಿ. ಇದೊಂದನ್ನು ದಯವಿಟ್ಟು ಮರೆಯಬೇಡಿ. ಗೈಡು ಮೇಲೆ ಇದ್ದಷ್ಟೂ ಬರಿ ಹಲ್ಲು ಕೈಗೆ ಎದುರಾಗಿ ತೆರೆದಿರುತ್ತದೆ, ಬ್ಲೇಡೂ ಓಲಾಡುತ್ತದೆ. ಮರದ ದಪ್ಪ ಬದಲಾದಾಗಲೆಲ್ಲ ಗೈಡು ಇಳಿಸಿ, ಸೋಮಾರಿತನ ಬೇಡ. ಕೈಗಳು ಬ್ಲೇಡಿನ ಎರಡು ಪಕ್ಕದಲ್ಲಿ ಇರಲಿ, ಅದರ ದಾರಿಯಲ್ಲಿ ಬೇಡ. ಮೂರು ಇಂಚಿಗಿಂತ ಹತ್ತಿರ ಹೋಗಬೇಕಾದರೆ ತಳ್ಳುವ ಕೋಲು ತೆಗೆದುಕೊಳ್ಳಿ. ಕೊನೆಯ ಎರಡು ಇಂಚಿನಲ್ಲಿ ಬಲವನ್ನು ಇಳಿಸುತ್ತಾ ಬನ್ನಿ. ನನ್ನ ಹೆಬ್ಬೆರಳು ಹೋಗುತ್ತಿದ್ದದ್ದು ಅಲ್ಲೇ.

ಗ್ಲೌಸು ಬೇಡ, ಅದರ ದಾರ ಹಲ್ಲಿಗೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಉಂಗುರ, ವಾಚು, ಸಡಿಲ ತೋಳು ಬೇಡ. ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಿ. ಕನ್ನಡಕ ಬೇಕೇ ಬೇಕು, ಧೂಳಿಗೆ ಮಾಸ್ಕೂ ಬೇಕು.

ದುಂಡು ಮರ. ಇದು ಬಹಳ ಮೋಸದ್ದು. ಟೇಬಲ್ಲಿನ ಮೇಲೆ ಮಲಗಿಸಿದ ದುಂಡು ಕೋಲಿಗೆ ಬ್ಲೇಡು ತಾಗಿದ ತಕ್ಷಣ ಕೋಲು ಹಲ್ಲಿನ ಜೊತೆ ಉರುಳುತ್ತದೆ, ಹಿಡಿದ ಬೆರಳೂ ಅದರ ಜೊತೆ ಹೋಗುತ್ತದೆ. ವಿ ಆಕಾರದ ತೋಡಿರುವ ಕಟ್ಟೆ ಮಾಡಿಕೊಂಡು ಅದರಲ್ಲಿ ಕೂರಿಸಿ ಗಟ್ಟಿಯಾಗಿ ಹಿಡಿದು ಕೊಯ್ಯಿರಿ. ಅಡಿಯಲ್ಲಿ ಟೇಬಲ್ಲಿನ ಆಸರೆ ಇಲ್ಲದ ಯಾವುದನ್ನೂ ಕೊಯ್ಯಬೇಡಿ, ಸೊಟ್ಟ ಹಲಗೆಯೂ ಇದೇ ಲೆಕ್ಕ.

ಸುತ್ತು ಆಕಾರ ಕೊಯ್ಯುವಾಗ ನಡುವೆ ಸಿಕ್ಕಿಕೊಂಡರೆ ಓಡುತ್ತಿರುವ ಬ್ಲೇಡಿನಿಂದ ಮರವನ್ನು ಹಿಂದಕ್ಕೆ ಎಳೆಯಬೇಡಿ, ಬ್ಲೇಡೇ ಗಾಲಿಯಿಂದ ಕಳಚಿ ಬರುತ್ತದೆ. ಆಫ್ ಮಾಡಿ, ನಿಲ್ಲಲಿ, ಆಮೇಲೆ ಬಿಡಿಸಿ. ಅದಕ್ಕಿಂತ ಮೊದಲೇ ಬಳಸದ ಭಾಗದಲ್ಲಿ ಅಲ್ಲಲ್ಲಿ ಅಡ್ಡ ಕೊಯ್ತ ಹಾಕಿಟ್ಟರೆ ತುಂಡುಗಳು ತಾವಾಗಿ ಬಿದ್ದುಹೋಗುತ್ತವೆ. ಬಿದ್ದ ಚೂರನ್ನು ಬೆರಳಿನಿಂದ ತೆಗೆಯುವ ಆಸೆ ಬೇಡ.

ಯಾವತ್ತಾದರೂ ಬ್ಲೇಡು ತುಂಡಾಗುತ್ತದೆ. ಢಂ ಅಂತ ಸದ್ದು, ಎದೆ ಧಸಕ್ಕೆನ್ನುತ್ತದೆ. ಮರ ಬಿಟ್ಟು ಹಿಂದೆ ಸರಿಯಿರಿ, ಆಫ್ ಮಾಡಿ, ಗಾಲಿ ಪೂರ್ತಿ ನಿಲ್ಲುವವರೆಗೆ ಬಾಗಿಲು ಮುಟ್ಟಬೇಡಿ. ಬ್ಲೇಡು ಇಲ್ಲದಿದ್ದರೂ ಗಾಲಿ ಇನ್ನೂ ಸುಮಾರು ಹೊತ್ತು ತಿರುಗುತ್ತಿರುತ್ತದೆ, ಒಳಗೆ ತುಂಡಾದ ಬ್ಲೇಡು ಹೇಗೆ ಬಿದ್ದಿದೆಯೋ ಹೊರಗಿನಿಂದ ಗೊತ್ತಾಗುವುದಿಲ್ಲ.

ಕೆಲಸ ಮುಗಿದ ಮೇಲೆ ಬಿಗಿ ಸಡಿಲ ಮಾಡಿ, ಇಲ್ಲದಿದ್ದರೆ ಟೈರಿನಲ್ಲಿ ಒಂದೇ ಕಡೆ ಗುಂಡಿ ಬೀಳುತ್ತದೆ. ಸಡಿಲ ಮಾಡಿದ್ದೇನೆ ಅಂತ ಒಂದು ಚೀಟಿ ಬರೆದು ಸ್ವಿಚ್ಚಿಗೆ ಅಂಟಿಸಿ. ಮರುದಿನ ಬೆಳಿಗ್ಗೆ ಬಂದು ಸಡಿಲ ಬ್ಲೇಡಿನಲ್ಲೇ ಆನ್ ಮಾಡುವವರು ನೀವೇ ಆಗಿರುತ್ತೀರಿ.

ಕೊನೆಗೆ ಬ್ಲೇಡು ಮಡಚುವುದು. ಗ್ಲೌಸು ಬೇಕಾಗುವ ಕೆಲಸ ಇದು, ಕನ್ನಡಕವೂ ಬೇಕು. ಬ್ಲೇಡನ್ನು ನಿಲ್ಲಿಸಿ, ಹಲ್ಲು ನಿಮ್ಮಿಂದ ಆಚೆಗೆ ಇರಲಿ, ಕೆಳಗಿನ ಅಂಚನ್ನು ಶೂ ಹಾಕಿದ ಕಾಲಿನಿಂದ ಮೆಲ್ಲಗೆ ಒತ್ತಿ ಹಿಡಿದು, ಮೇಲಿನ ತುದಿಯನ್ನು ತಿರುಚುತ್ತಾ ಕೆಳಗೆ ಇಳಿಸಿ. ತಾನಾಗಿ ಮೂರು ಸುತ್ತಾಗಿ ಕೂರುತ್ತದೆ. ಮಾತಿನಲ್ಲಿ ಹೇಳಿದರೆ ಯಾರಿಗೂ ಬರುವುದಿಲ್ಲ, ನನಗೂ ಬಂದಿರಲಿಲ್ಲ. ಅದಕ್ಕೇ ಇಲ್ಲಿ ಐದಾರು ಮೊಂಡು ಬ್ಲೇಡು ತಂದಿದ್ದೇನೆ, ಎರಡು ಜೊತೆ ಗ್ಲೌಸೂ ಇದೆ. ಯಂತ್ರದ ಗೈಡುಗಳನ್ನೂ ಈಗ ಬೇಕೆಂತಲೇ ಕೆಡಿಸಿಡುತ್ತೇನೆ. ಯಾರು ಮೊದಲು ಬರುತ್ತೀರಿ?