ಸೀಸೆಯೊಳಗಿನ ಸೀಸ: ಹಳೆಯ ಕ್ರಿಸ್ಟಲ್ ಡಿಕ್ಯಾಂಟರ್ ಕೊಳ್ಳುವ ಮುನ್ನ

(ದೃಶ್ಯ: ಕಿಟಕಿಯ ಬೆಳಕಿಗೆ ಹಿಡಿದ ಡಿಕ್ಯಾಂಟರ್)

ನಮಸ್ಕಾರ. ಬೆಂಗಳೂರಿನ ದಂಡು ಪ್ರದೇಶದ ಹಳೆಯ ಬಂಗಲೆಯ ಸಾಮಾನು ಮಾರಾಟಕ್ಕೆ ಬಂದಾಗಲೋ, ಚಿಕ್ಕಪೇಟೆಯ ಸಂಡೆ ಬಜಾರಿನಲ್ಲೋ ಇಂಥದ್ದೊಂದು ಡಿಕ್ಯಾಂಟರ್, ಅಂದರೆ ವೈನನ್ನು ಸುರಿದಿಟ್ಟು ಬಡಿಸುವ ಬಿರಡೆಯುಳ್ಳ ಗಾಜಿನ ಸೀಸೆ, ಕಣ್ಣಿಗೆ ಬಿದ್ದರೆ, ಹೊಳಪಿಗೆ ಮರುಳಾಗುವ ಮೊದಲು ಅದನ್ನು ಕೈಯಲ್ಲಿ ಎತ್ತಿ ನೋಡಿ. ಅದೇ ಗಾತ್ರದ ಸಾಮಾನ್ಯ ಗಾಜಿಗಿಂತ ಅದು ಭಾರವಾಗಿರಬೇಕು.

ಕ್ರಿಸ್ಟಲ್ ಎಂದು ಕರೆದರೂ ಇದು ಹರಳಲ್ಲ, ಗಾಜೇ. 1674ರಲ್ಲಿ ಲಂಡನ್ನಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಪೇಟೆಂಟ್ ಪಡೆದ ಗಾಜು ಮೊದಮೊದಲು ನವಿರು ಬಿರುಕುಗಳಿಂದ ಮಂಕಾಗುತ್ತಿತ್ತು. ಸೀಸದ ಆಕ್ಸೈಡ್ ಬೆರೆಸಿದ ಮೇಲೆ ಆ ದೋಷ ನೀಗಿತು. ಸೀಸವುಳ್ಳ ಗಾಜು ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಮೆದುವಾಗಿರುವುದರಿಂದ ಚಕ್ರಕ್ಕೆ ಹಿಡಿದು ಕೊರೆಯಲೂ ಒದಗುತ್ತದೆ. 1969ರ ಯುರೋಪಿನ ನಿಯಮದ ಪ್ರಕಾರ ಲೆಡ್ ಕ್ರಿಸ್ಟಲ್ ಎನಿಸಿಕೊಳ್ಳಲು ಈ ಆಕ್ಸೈಡ್ ಕನಿಷ್ಠ ಶೇಕಡಾ 24ರಷ್ಟಿರಬೇಕು.

(ದೃಶ್ಯ: ತಳದ ಗುರುತು)

ಐರ್ಲೆಂಡಿನ ವಾಟರ್‌ಫರ್ಡ್ ಗಾಜಿನ ಕಾರ್ಖಾನೆಯ ಹೆಸರಿನಲ್ಲಿ ಮೋಸಹೋಗುವವರು ಹೆಚ್ಚು. 1783ರಲ್ಲಿ ಆರಂಭವಾದ ಆ ಕಾರ್ಖಾನೆ, ಗಾಜಿನ ಮೇಲಿನ ತೆರಿಗೆ 1825ರಲ್ಲಿ ಐರ್ಲೆಂಡಿಗೂ ಬಂದ ಮೇಲೆ ಸೊರಗಿ, 1851ರಲ್ಲಿ ಮುಚ್ಚಿತು. ಮತ್ತೆ ತೆರೆದದ್ದು 1947ರಲ್ಲಿ. ಆದ್ದರಿಂದ ಆಮ್ಲದಿಂದ ಮೂಡಿಸಿದ ವಾಟರ್‌ಫರ್ಡ್ ಮುದ್ರೆ ತಳದಲ್ಲಿದ್ದರೆ ಅದು ಎರಡನೆಯ ಕಾಲದ್ದು, ಮಾರುವವರು ಇನ್ನೂರು ವರ್ಷ ಹಳೆಯದೆಂದು ಎಷ್ಟೇ ಒತ್ತಿ ಹೇಳಿದರೂ ಸರಿಯೆ.

ನನ್ನ ಮಟ್ಟಿಗೆ ಮುದ್ರೆಗಿಂತ ಬಿರಡೆಯೇ ದೊಡ್ಡ ಸಾಕ್ಷಿ. ಪ್ರತಿಯೊಂದು ಬಿರಡೆಯನ್ನೂ ಅದರದೇ ಕೊರಳಿಗೆ ಹೊಂದುವಂತೆ ಉಜ್ಜಿ ಕೂರಿಸುತ್ತಿದ್ದರು. ಅದಲುಬದಲಾಗದಿರಲೆಂದು ಹಲವೆಡೆ ಎರಡರ ಮೇಲೂ ಒಂದೇ ಸಂಖ್ಯೆಯನ್ನು ಸಣ್ಣದಾಗಿ ಗೀಚುತ್ತಿದ್ದರು. ಸಂಖ್ಯೆ ಬೇರೆಯಾಗಿದ್ದರೆ, ಅಥವಾ ಬಿರಡೆ ಕೊರಳಲ್ಲಿ ಅಲುಗಾಡಿದರೆ, ಬೆಲೆ ಇಳಿಸಿ ಕೇಳಿ. ಕೊರೆದ ವಿನ್ಯಾಸದ ಅಂಚು ಬೆರಳಿಗೆ ಚೂಪಾಗಿ ತಾಗುತ್ತದೆ. ಅಚ್ಚೊತ್ತಿದ ಗಾಜಿನಲ್ಲಿ ಅದೇ ಅಂಚು ಮೊಂಡಾಗಿರುತ್ತದೆ. ನಿಜವಾಗಿ ಬಳಸಿದ್ದರ ತಳದಲ್ಲಿ ಗೀರುಗಳು ದಿಕ್ಕಿಲ್ಲದೆ ಹರಡಿರುತ್ತವೆ, ಒಂದೇ ದಿಕ್ಕಿನಲ್ಲಿದ್ದರೆ ಯಾರೋ ಉಪ್ಪುಕಾಗದದಿಂದ ತಿಕ್ಕಿದ್ದಾರೆ ಎಂದು ಅನುಮಾನಿಸಿ.

ಕನ್ನಡದಲ್ಲಿ ಸೀಸೆಗೂ ಸೀಸಕ್ಕೂ ಒಂದೇ ಅಕ್ಷರದ ಅಂತರ. ಇಲ್ಲಿ ಆ ಅಂತರವೂ ಉಳಿಯುವುದಿಲ್ಲ. ವೈನಿನ ಹುಳಿ ಗಾಜಿನಿಂದ ಸೀಸವನ್ನು ಸೆಳೆಯುತ್ತದೆ. ಕ್ರಿಸ್ಟಲ್ ಪಾತ್ರೆಯಲ್ಲಿಟ್ಟ ಬಿಳಿ ವೈನಿನಲ್ಲಿ ಸೀಸದ ಪ್ರಮಾಣ ಒಂದೇ ಗಂಟೆಯಲ್ಲಿ ಇಮ್ಮಡಿಯಾದುದನ್ನು 1991ರಲ್ಲಿ ವೈದ್ಯಕೀಯ ಪತ್ರಿಕೆ ದಿ ಲ್ಯಾನ್ಸೆಟ್ ಪ್ರಕಟಿಸಿದ ಅಧ್ಯಯನ ದಾಖಲಿಸಿತು. ಹೀಗಾಗಿ ಇದನ್ನು ಶೋಕೇಸಿನಲ್ಲಿ ಖಾಲಿಯಾಗಿಯೇ ಇಡಿ, ತಿಂಗಳುಗಟ್ಟಲೆ ಮದ್ಯ ತುಂಬಿಡಬೇಡಿ.

(ದೃಶ್ಯ: ಅಕ್ಕಿ, ವಿನಿಗರ್)

ಒಳಗಿನ ಕಲೆಗೆ ಒಂದು ಹಿಡಿ ಅಕ್ಕಿ, ಸ್ವಲ್ಪ ವಿನಿಗರ್, ಉಗುರುಬೆಚ್ಚಗಿನ ನೀರು ಹಾಕಿ ಮೆಲ್ಲಗೆ ಕುಲುಕಿದರೆ ಸಾಕು. ಆದರೂ ಹೋಗದ ಮಂಕು ಗಾಜಿನ ಮೈಯೇ ಸವೆದದ್ದರಿಂದ ಬಂದದ್ದು. ತೊಳೆದ ಮೇಲೆ ಬೋರಲು ಹಾಕಿ, ಒಳಗಿನ ತೇವ ಪೂರ್ತಿ ಆರುವ ತನಕ ಬಿರಡೆ ಮುಚ್ಚದಿರಿ.