ಕೋಬಾಲ್ಟ್: ಗಣಿಗಾರರು ಇಟ್ಟ ಅಡ್ಡಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ.

ನವಿ ಮುಂಬಯಿಯ ವಾಶಿಯ ಮಸಾಲೆ ಮಾರುಕಟ್ಟೆಯಲ್ಲಿ ಓಡಾಡಿದ ಕನ್ನಡಿಗರಿಗೆ ಬ್ಯಾಡಗಿ ಮೆಣಸಿನಕಾಯಿಯ ಘಾಟು ಹೊಸದಲ್ಲ. ಅದೇ ವಾಶಿಯಲ್ಲಿ ಪರಮಾಣು ಶಕ್ತಿ ಇಲಾಖೆಗೆ ಸೇರಿದ ಒಂದು ಸ್ಥಾವರವಿದೆ. 2000ನೇ ಇಸವಿಯಿಂದ ಅಲ್ಲಿ ಮಸಾಲೆಯ ಮೇಲೆ ಗಾಮಾ ಕಿರಣ ಹಾಯಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತಾರೆ. ಪೊಟ್ಟಣ ಬಿಚ್ಚಬೇಕಿಲ್ಲ, ಮಸಾಲೆಗೆ ವಿಕಿರಣ ಅಂಟುವುದೂ ಇಲ್ಲ. ಆ ಕಿರಣವನ್ನು ಕೊಡುವುದು ಕೋಬಾಲ್ಟ್-60, ಅಂದರೆ ಕೋಬಾಲ್ಟ್ ಲೋಹದ ವಿಕಿರಣ ಸೂಸುವ ರೂಪ.

ಇಷ್ಟು ಉಪಕಾರಿಯಾದ ಲೋಹದ ಹೆಸರು ಮಾತ್ರ ಒಂದು ಬೈಗುಳ.

ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಬೆಟ್ಟಗಳಲ್ಲಿ ಬೆಳ್ಳಿ ಅಗೆಯುತ್ತಿದ್ದವರಿಗೆ ಆಗಾಗ ಒಂದು ಅದಿರು ಸಿಗುತ್ತಿತ್ತು. ಬೆಳ್ಳಿಯದೇ ಬಿಳುಪು, ಅದೇ ಹೊಳಪು. ಆಸೆಯಿಂದ ಕುಲುಮೆಗೆ ಹಾಕಿದರೆ ಬೆಳ್ಳುಳ್ಳಿಯ ವಾಸನೆಯ ಹೊಗೆ ಏಳುತ್ತಿತ್ತು. ಉಸಿರಾಡಿದವರು ಕಾಯಿಲೆ ಬೀಳುತ್ತಿದ್ದರು. ಬೆಳ್ಳಿ ಚೂರೂ ಇಲ್ಲ. ಇದು ನೆಲದಡಿಯ ಕೋಬೋಲ್ಡನ ಕಿತಾಪತಿ, ಬೆಳ್ಳಿ ಕದ್ದು ಈ ಕಸವನ್ನು ಇಟ್ಟು ಹೋಗಿದ್ದಾನೆ ಎಂದು ಶಪಿಸಿದರು. ಕೋಬೋಲ್ಡ್ ಅಂದರೆ ಕೀಟಲೆಯ ಕುಳ್ಳ ಭೂತ. ಕುಟ್ಟಿಚಾತನ ಕಥೆ ಕೇಳಿ ಬೆಳೆದ ನಮ್ಮ ಕರಾವಳಿಯವರಿಗೆ ಹೆಚ್ಚು ವಿವರಣೆ ಬೇಡ.

ನನಗೆ ಸೋಜಿಗವೆನಿಸುವುದು ಮುಂದಿನ ಮಾತು. ಆ ಅದಿರಿನಲ್ಲಿ ಕೋಬಾಲ್ಟಿನ ಜೊತೆಗೆ ಆರ್ಸೆನಿಕ್ ಬೆರೆತಿರುತ್ತದೆ. ವಿಷದ ಹೊಗೆ ಆರ್ಸೆನಿಕ್‌ನದು! ಮೊಸರನ್ನ ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದಂತೆ, ಮಾಡಿದವನು ತಪ್ಪಿಸಿಕೊಂಡ, ಭೂತದ ಪಟ್ಟ ಪಕ್ಕದವನಿಗೆ ಬಂತು.

ಆ ಕಸದಿಂದಲೇ ಗಾಜಿಗೆ ಗಾಢ ನೀಲಿ ಬಣ್ಣ ಕೊಡಬಹುದೆಂದು ಕುಶಲಕರ್ಮಿಗಳು ಕಂಡುಕೊಂಡಿದ್ದರು. ಬಣ್ಣ ಬಿಸ್ಮತ್ ಎಂಬ ಇನ್ನೊಂದು ಲೋಹದ್ದಿರಬೇಕು ಎಂಬ ಊಹೆಯಿತ್ತು. 1735ರ ಸುಮಾರಿಗೆ ಸ್ವೀಡನ್ನಿನ ಗಿಯೋರ್ಗ್ ಬ್ರಾಂಟ್, ಅಲ್ಲ, ಇದು ಬೇರೆಯೇ ಲೋಹ ಎಂದು ತೋರಿಸಿದ. ಹೊಸ ಹೆಸರಿನ ಗೋಜಿಗೆ ಹೋಗದೆ ಗಣಿಯ ಮಾತನ್ನೇ ಉಳಿಸಿಕೊಂಡ. ಒಳ್ಳೆಯದೇ ಆಯಿತು; ಲ್ಯಾಟಿನ್ ಪಂಡಿತರ ಕೈಗೆ ಸಿಕ್ಕಿದ್ದರೆ ಇಂಥ ಜೀವಂತ ಹೆಸರು ಬರುತ್ತಿರಲಿಲ್ಲ. ನಿಕ್ಕಲ್‌ನದೂ ಇದೇ ಕಥೆ: ತಾಮ್ರದಂತೆ ಕಂಡು ತಾಮ್ರ ಕೊಡದ ಅದಿರು, ಇನ್ನೊಂದು ತುಂಟ ಭೂತದ ಹೆಸರು, 1751ರಲ್ಲಿ ಲೋಹ ಬೇರ್ಪಡಿಸಿದವನೂ ಸ್ವೀಡನ್ನಿನವನೇ, ಕ್ರೋನ್‌ಸ್ಟೆಡ್.

ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಇರುವ ನಮ್ಮ ಸಸ್ಯಾಹಾರಿಗಳಲ್ಲಿ ಅನೇಕರಿಗೆ ವೈದ್ಯರು ವಿಟಮಿನ್ ಬಿ12 ಚುಚ್ಚುಮದ್ದು ಬರೆದುಕೊಡುತ್ತಾರೆ. ಆ ಕೆಂಪು ದ್ರವದ ಪ್ರತಿ ಅಣುವಿನ ನಡುವೆ ಒಂದು ಕೋಬಾಲ್ಟ್ ಪರಮಾಣು ಕುಳಿತಿರುತ್ತದೆ. ಅದರ ರಾಸಾಯನಿಕ ಹೆಸರು ಕೋಬಾಲಮಿನ್. ಅಲ್ಲಿಯೂ ಕುಳ್ಳ ಭೂತ ಬಿಟ್ಟಿಲ್ಲ.

ನಮಸ್ಕಾರ.